ಸ್ಪ್ಯಾನಿಶ್ ಸಬ್ಜಂಕ್ಟಿವ್: ಪಟ್ಟಿ ಬದಿಗಿಟ್ಟು ಕಲಿತದ್ದು

ನಾನು ಬೆಂಗಳೂರಿನಲ್ಲಿದ್ದೇನೆ, ನನ್ನ ಸಾಫ್ಟ್‌ವೇರ್ ತಂಡದ ಅರ್ಧ ಜನ ಮೆಕ್ಸಿಕೊದ ಗ್ವಾದಲಹಾರದಲ್ಲಿದ್ದಾರೆ. ‘ನೀನು ಒಮ್ಮೆ ಕೋಡ್ ನೋಡಬೇಕಲ್ಲ’ ಅಂತ ಅವರಿಗೆ ಸ್ಪ್ಯಾನಿಶ್‌ನಲ್ಲಿ ಹೇಳಲು ಕೂಡ ಸಬ್ಜಂಕ್ಟಿವ್, ಅಂದರೆ ಆಸೆ, ಅಗತ್ಯ, ಅನುಮಾನ ಹೇಳುವಾಗಿನ ಕ್ರಿಯಾಪದ ರೂಪ, ಬೇಕು: ‘ನೆಸೆಸೀತೊ ಕೆ ರೆವೀಸೆಸ್ ಎಲ್ ಕೋದಿಗೊ’. ಹಾಗಾಗಿ ನಾನು ಕ್ರಿಯಾಪದ ರೂಪಗಳ ಪಟ್ಟಿ ಉರು ಹೊಡೆಯಲಿಲ್ಲ. ಕೆಲಸದಲ್ಲಿ ದಿನಾ ಬರುವ ವಾಕ್ಯಗಳಿಂದಲೇ ಶುರು ಮಾಡಿದೆ.

ರೂಪ ಕಟ್ಟುವುದು ಸುಲಭ. ವರ್ತಮಾನದ ‘ನಾನು’ ರೂಪ ತಗೊಳ್ಳಿ, ಕೊನೆಯ ‘ಒ’ ತೆಗೆಯಿರಿ, ಸ್ವರ ಅದಲುಬದಲು ಮಾಡಿ. ‘ಆರ್’ ಅಂತ ಕೊನೆಯಾಗುವ ಕ್ರಿಯಾಪದಕ್ಕೆ ‘ಎ’, ‘ಏರ್’ ಮತ್ತು ‘ಈರ್’ ಕ್ರಿಯಾಪದಕ್ಕೆ ‘ಅ’. ಆಬ್ಲೊ (ಮಾತಾಡುತ್ತೇನೆ) ಇದ್ದದ್ದು ಆಬ್ಲೆ, ಕೋಮೊ (ತಿನ್ನುತ್ತೇನೆ) ಇದ್ದದ್ದು ಕೋಮ, ವೀವೊ (ಬಾಳುತ್ತೇನೆ) ಇದ್ದದ್ದು ವೀವ. ನಾನು, ನೀನು, ಅವನು, ನಾವು, ಅವರು ಕ್ರಮದಲ್ಲಿ ಹೀಗೆ: ಆಬ್ಲೆ, ಆಬ್ಲೆಸ್, ಆಬ್ಲೆ, ಆಬ್ಲೇಮೊಸ್, ಆಬ್ಲೆನ್. ‘ನಾನು’ ಮತ್ತು ‘ಅವನು’ ಎರಡಕ್ಕೂ ಒಂದೇ ರೂಪ. ಸ್ಪೇನ್‌ನವರು ‘ನೀವೆಲ್ಲ’ ಅನ್ನಲು ಬಳಸುವ ‘ವೊಸೋತ್ರೊಸ್’ ರೂಪವನ್ನು ನಾನು ಬಿಟ್ಟೇಬಿಟ್ಟೆ. ಮೆಕ್ಸಿಕೊದಲ್ಲಿ ಯಾರೂ ಹಾಗೆ ಮಾತಾಡಲ್ಲ, ಸುಮ್ನೆ ಯಾಕೆ ಹೊರೆ?

‘ನಾನು’ ರೂಪದಿಂದಲೇ ಹೊರಡುವುದರಲ್ಲಿ ಒಂದು ಲಾಭವಿದೆ. ನಿಯಮ ಮೀರುವ ‘ತೇಂಗೊ’ (ನನ್ನ ಹತ್ತಿರ ಇದೆ) ಕೂಡ ಅದೇ ದಾರಿಯಲ್ಲಿ ‘ತೇಂಗ’ ಆಗುತ್ತದೆ. ಇನ್ನೊಂದು, ‘ಉಸ್ತೇದ್’ ಎಂದು ಗೌರವದಿಂದ ಕರೆಯುವಾಗಿನ ಆಜ್ಞೆಗೂ ಇದೇ ರೂಪ. ‘ಫೀರ್ಮೆ ಆಕಿ’, ಅಂದರೆ ‘ಇಲ್ಲಿ ಸಹಿ ಮಾಡಿ’, ಗೊತ್ತಿದ್ದವರಿಗೆ ಸಬ್ಜಂಕ್ಟಿವ್ ಆಗಲೇ ಅರ್ಧ ಗೊತ್ತು.

ಕಷ್ಟವಿದ್ದದ್ದು ಎಲ್ಲಿ ಹಾಕಬೇಕು ಅನ್ನುವುದರಲ್ಲಿ. ಇಲ್ಲಿ ಕನ್ನಡದ ‘ಲಿ’ ಕೈಹಿಡಿಯಿತು. ಮಳೆ ಬರಲಿ, ಒಳ್ಳೇದಾಗಲಿ ಅನ್ನುತ್ತೇವಲ್ಲ, ಅದೇ ಜಾಗ. ಮೆಕ್ಸಿಕೊದಲ್ಲಿ ಸೆಪ್ಟೆಂಬರ್ 15ರ ರಾತ್ರಿ ಅಧ್ಯಕ್ಷರು ಅರಮನೆಯ ಬಾಲ್ಕನಿಯಿಂದ ಕೂಗುವ ‘ವೀವ ಮೆಹಿಕೊ’ ಕೂಡ ಇದೇ, ಮೆಕ್ಸಿಕೊ ಬಾಳಲಿ. ‘ಎಸ್ಪೇರೊ ಕೆ ಫುನ್ಸ್ಯೋನೆ’ ಅಂದರೆ ಕೆಲಸ ಮಾಡಲಿ ಅಂತ ನನ್ನ ಆಸೆ. ಆದರೆ ಬಯಸುವವರೂ ಮಾಡುವವರೂ ಒಬ್ಬರೇ ಆದರೆ ‘ಅಂತ’ ಅನ್ನುವ ಅರ್ಥದ ‘ಕೆ’ಯೂ ಇಲ್ಲ, ಸಬ್ಜಂಕ್ಟಿವ್ ಕೂಡ ಇಲ್ಲ. ನಾನೇ ತಿನ್ನಬೇಕಾದರೆ ‘ಕ್ಯೇರೊ ಕೊಮೇರ್’, ನೀನು ತಿನ್ನಬೇಕಾದರೆ ‘ಕ್ಯೇರೊ ಕೆ ಕೋಮಸ್’.

‘ಲಿ’ ಎಲ್ಲ ಕಡೆ ನಡೆಯಲ್ಲ. ‘ಕ್ರೇಒ ಕೆ ಫುನ್ಸ್ಯೋನ’, ಕೆಲಸ ಮಾಡುತ್ತೆ ಅಂದುಕೊಂಡಿದ್ದೇನೆ. ಮುಂದೆ ‘ನೋ’ ಸೇರಿದರೆ ‘ನೋ ಕ್ರೇಒ ಕೆ ಫುನ್ಸ್ಯೋನೆ’. ನಂಬಿಕೆಗೆ ಒಂದು ರೂಪ, ಅನುಮಾನಕ್ಕೆ ಇನ್ನೊಂದು. ಮೀಟಿಂಗ್‌ನಲ್ಲಿ ಇದರಷ್ಟು ಉಪಯೋಗಕ್ಕೆ ಬರುವ ಜೋಡಿ ಮತ್ತೊಂದಿಲ್ಲ ಅಂತ ನನ್ನ ಅಭಿಪ್ರಾಯ. ದಿನಕ್ಕೆ ಒಂದಾದರೂ ಇಂಥ ವಾಕ್ಯವನ್ನು ಚಾಟ್‌ನಲ್ಲಿ ಬೇಕಂತಲೇ ಬರೆಯುತ್ತಿದ್ದೆ. ‘ನೋ ಕ್ರೇಒ ಕೆ ಎಲ್ ಕ್ಲಿಯೇಂತೆ ಅಸೇಪ್ತೆ’, ಕ್ಲೈಂಟ್ ಒಪ್ಪುತ್ತಾರೆ ಅಂತ ಅನಿಸಲ್ಲ. ಅವರ ಉತ್ತರದಲ್ಲಿ ಬಂದ ರೂಪಗಳನ್ನು ಕದ್ದು ಮಾರನೇ ದಿನ ನಾನೇ ಬಳಸುತ್ತಿದ್ದೆ.

‘ಕ್ವಾಂದೊ’, ಅಂದರೆ ‘ಯಾವಾಗ’ ಅಥವಾ ‘ಆದಾಗ’, ಮಾತ್ರ ಕನ್ನಡದ ಸಹಾಯವಿಲ್ಲದೆ ಕಲಿಯಬೇಕಾಯಿತು. ನಾವು ‘ಮುಗಿದ ಮೇಲೆ ತಿಳಿಸು’ ಅನ್ನುತ್ತೇವೆ, ಇನ್ನೂ ಮುಗಿಯದ ಕೆಲಸಕ್ಕೂ ‘ಮುಗಿದ’. ಅವರಿಗೆ ಅದು ಇನ್ನೂ ಆಗದೇ ಇರುವ ಸಂಗತಿ, ಹಾಗಾಗಿ ‘ಕ್ವಾಂದೊ ತೆರ್ಮೀನೆಸ್, ಅವೀಸಮೆ’. ದಿನಾ ನಡೆಯುವ ವಿಷಯವಾದರೆ ಮಾಮೂಲಿ ‘ತೆರ್ಮೀನಸ್’.

ಕಾಗುಣಿತದ ಬಗ್ಗೆ ಒಂದು ಮಾತು. ‘ಬುಸ್ಕಾರ್’ (ಹುಡುಕು) ನಿಂದ ‘ಬುಸ್ಕೆ’, ‘ಪಗಾರ್’ (ಹಣ ಕೊಡು) ನಿಂದ ‘ಪಾಗೆ’. ಕನ್ನಡದಲ್ಲಿ ಬರೆದರೆ ಏನೂ ವಿಶೇಷವಿಲ್ಲ, ಅಲ್ವಾ? ಅವರ ಲಿಪಿಯಲ್ಲಿ ಮಾತ್ರ ‘ಎ’ ಸ್ವರ ಮುಂದೆ ಬಂದರೆ ‘ಸಿ’ ಅಕ್ಷರ ‘ಸ’ ಆಗುತ್ತದೆ, ‘ಜಿ’ ಅಕ್ಷರ ‘ಹ’ ಆಗುತ್ತದೆ. ಉಚ್ಚಾರ ಕೆಡಬಾರದು ಅಂತ ‘ಸಿ’ ಜಾಗಕ್ಕೆ ‘ಕ್ಯು’ ಮತ್ತು ‘ಯು’, ‘ಜಿ’ ಪಕ್ಕಕ್ಕೆ ಒಂದು ‘ಯು’ ಬರುತ್ತವೆ. ನಾನು ಮೊದಲು ಕನ್ನಡದಲ್ಲಿ ಗೀಚಿಕೊಂಡು, ಆಮೇಲೆ ಅವರ ಅಕ್ಷರದಲ್ಲಿ ಬರೆಯುತ್ತೇನೆ.