ಬೆಳಗಿನ ಮೊದಲ ಹೊಗೆ ಏನು ಹೇಳುತ್ತದೆ: ಹಳೆಯ ಸ್ಪೋರ್ಟ್ಸ್ ಕಾರಿನ ಐಡ್ಲಿಂಗ್ ತಕರಾರು

ಹಳೆಯ ಸ್ಪೋರ್ಟ್ಸ್ ಕಾರು ಬೆಳಿಗ್ಗೆ ಹೊಗೆ ಉಗುಳಿ, ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ನಡುಗಿದರೆ ಮೊದಲು ಆ ಹೊಗೆ ನೋಡಿ. ಸ್ಟಾರ್ಟ್ ಮಾಡಿದಾಗ ಬರುವ ಹೊಗೆಯ ಸಾಕ್ಷಿ ಅರ್ಧ ನಿಮಿಷ ಇದ್ದರೆ ಹೆಚ್ಚು. ಧಾರವಾಡದಿಂದ ಹುಬ್ಬಳ್ಳಿಯ ಗ್ಯಾರೇಜಿಗೆ ಓಡಿಸಿಕೊಂಡು ಹೋದರೆ ಅದು ದಾರಿಯಲ್ಲೇ ಸುಟ್ಟುಹೋಗಿರುತ್ತದೆ. ಆಮೇಲೆ ‘ಎಂಜಿನ್ ಬೋರ್ ಮಾಡಸ್ರಿ’ (ಸಿಲಿಂಡರ್ ಕೊರೆಸಿ ಹಿಗ್ಗಿಸಿ) ಅನ್ನುವ ಮೆಕ್ಯಾನಿಕ್ ಮಾತು ಬರೀ ಊಹೆ. ಕಾರು ರಾತ್ರಿಯಿಡೀ ನಿಂತ ಜಾಗದಲ್ಲೇ, ಬಯಲಿನಲ್ಲಿ, ಒಬ್ಬರನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ ಪರೀಕ್ಷೆ ಶುರು ಮಾಡಿ.

ಧಾರವಾಡದ ಜುಲೈ ಮಳೆಯಲ್ಲಿ ತೆಳುವಾದ ಬಿಳಿ ಆವಿ ಬಂದರೆ ಗಾಬರಿ ಬೇಡ, ಅದು ಸೈಲೆನ್ಸರ್‌ನಲ್ಲಿ ಕೂತ ನೀರು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬರುತ್ತಿದ್ದರೆ, ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್ ಮತ್ತು ಬ್ಲಾಕ್ ನಡುವಿನ ಪದರ) ಮೇಲೆ ಅನುಮಾನಪಡಿ. ಅಂಥ ಗಾಡಿಯನ್ನು ಮುಂದೆ ಓಡಿಸಬೇಡಿ. ಕಪ್ಪು ಹೊಗೆಯೆಂದರೆ ಪೆಟ್ರೋಲ್ ಹೆಚ್ಚಾಗಿದೆ: ಸಿಕ್ಕಿಕೊಂಡ ಚೋಕ್, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಮಟ್ಟ ಹಿಡಿಯುವ ಫ್ಲೋಟ್ ನೀಡಲ್ ಸವೆದಿರುವುದು ಅಥವಾ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತೊಟ್ಟಿಕ್ಕುವುದು.

ನೀಲಿ ಹೊಗೆಯಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ಸ್ಟಾರ್ಟ್ ಆದೊಡನೆ ಒಮ್ಮೆ ಭುಸ್ಸೆಂದು ಬಂದು ನಿಂತುಹೋದರೆ ಅದು ಬಹುಪಾಲು ವಾಲ್ವ್ ಸ್ಟೆಮ್ ಸೀಲ್, ಅಂದರೆ ವಾಲ್ವ್ ಕಾಂಡದ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ. ವರ್ಷಗಳ ಕಾವಿಗೆ ರಬ್ಬರ್ ಗಟ್ಟಿಯಾಗಿ, ಹೆಡ್‌ನಲ್ಲಿ ನಿಂತ ಆಯಿಲ್ ರಾತ್ರಿ ವಾಲ್ವ್ ಗುಂಟ ಇಳಿದು ಸಿಲಿಂಡರ್‌ಗೆ ಬಂದಿರುತ್ತದೆ. ಅದೇ ಆಯಿಲ್ ಪ್ಲಗ್ ಒದ್ದೆ ಮಾಡಿದಾಗ ಮೊದಲ ನಿಮಿಷ ಎಂಜಿನ್ ಮಿಸ್ ಹೊಡೆದು ನಡುಗುತ್ತದೆ. ಹೊಗೆ, ನಡುಕ ಎರಡಕ್ಕೂ ಮೂಲ ಒಂದೇ. ಖಾತ್ರಿ ಮಾಡಿಕೊಳ್ಳಲು ಧಾರವಾಡದಿಂದ ಹುಬ್ಬಳ್ಳಿ ಕಡೆ ಇಳಿಜಾರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯಿರಿ, ನಂತರ ಒತ್ತಿ. ಆಗ ನೀಲಿ ಹೊಗೆ ಉಗುಳಿದರೆ ಸೀಲ್ ಅಥವಾ ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ). ಏರಿನಲ್ಲಿ ಎಳೆಯುವಾಗ ಉದ್ದಕ್ಕೂ ಬಿಡುತ್ತಿದ್ದರೆ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ).

ಇನ್ನು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ಲಗ್ ತೂತಿಗೆ ಗೇಜ್ ಹಾಕಿ ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯುವುದು. ಎಂಜಿನ್ ಕಾಯಿಸಿ, ಎಲ್ಲ ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ತಪ್ಪಿಸಿ, ಥ್ರಾಟಲ್ ಪೂರ್ತಿ ತೆರೆದು ಐದಾರು ಸುತ್ತು ತಿರುಗಿಸಿ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇಕಡಾ 10ರೊಳಗಿರಲಿ. ಕಡಿಮೆ ಬಂದ ಸಿಲಿಂಡರ್‌ಗೆ 5 ಮಿಲಿ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಸ್ಟೆಮ್ ಸೀಲ್ ಹೋಗಿದ್ದರೂ ಕಂಪ್ರೆಷನ್ ಬೀಳುವುದಿಲ್ಲ. ಹಾಗಾಗಿ ಅಂಕಿ ಚೆನ್ನಾಗಿದ್ದು ಬೆಳಗಿನ ಹೊಗೆ ಮಾತ್ರ ಇದ್ದರೆ ಬೋರ್ ಮಾತು ಎತ್ತಲೇ ಬಾರದು. ಪ್ಲಗ್ ತೂತಿನಿಂದ ಮೆತ್ತನೆಯ ನೈಲಾನ್ ಹಗ್ಗ ತುಂಬಿ, ಪಿಸ್ಟನ್ ಮೇಲೇರಿಸಿ ವಾಲ್ವ್ ಕೆಳಗೆ ಬೀಳದಂತೆ ಹಿಡಿದರೆ, ಎಷ್ಟೋ ಎಂಜಿನ್‌ಗಳಲ್ಲಿ ಹೆಡ್ ಇಳಿಸದೆಯೇ ಸೀಲ್ ಬದಲಿಸಬಹುದು. ಆಗಲೇ ವಾಲ್ವ್ ಕಾಂಡವನ್ನು ಅಲ್ಲಾಡಿಸಿ ನೋಡಿ. ಗೈಡ್ ಸವೆದಿದ್ದರೆ ಹೊಸ ಸೀಲ್ ಬಾಳುವುದಿಲ್ಲ.

ಎಂಜಿನ್ ಕಾದ ಮೇಲೂ ಐಡ್ಲಿಂಗ್ ಕುಣಿದರೆ ಅದು ಬೇರೆ ತಕರಾರು. ಮೊದಲು ವ್ಯಾಕ್ಯೂಮ್ ಪೈಪುಗಳು, ಇಂಟೇಕ್ ಗ್ಯಾಸ್ಕೆಟ್, ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಇಂಟೇಕ್‌ಗೆ ಕಳಿಸುವ ವಾಲ್ವ್) ನೋಡಿ. ಇಂಟೇಕ್‌ನ ನಿರ್ವಾತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿದರೆ ಮ್ಯಾನ್ಯುಯಲ್‌ನ ಅಂಕಿ ಹುಬ್ಬಳ್ಳಿಯಲ್ಲಿ ಸಿಗದು. ಆ ಅಂಕಿ ಸಮುದ್ರಮಟ್ಟದ್ದು. ಎತ್ತರದ ಪ್ರತಿ 1,000 ಅಡಿಗೆ ಸುಮಾರು 1 ಇಂಚು (ಪಾದರಸದ ಅಳತೆ) ಇಳಿಯುತ್ತದೆ, ನಮ್ಮೂರು 2,000 ಅಡಿಗಿಂತ ಮೇಲಿದೆ. 17ರಿಂದ 21 ಇಂಚು ಎಂದಿದ್ದರೆ ಇಲ್ಲಿ 15ರಿಂದ 19 ಸರಿಯೇ. ಮುಳ್ಳು ಸ್ಥಿರವಾಗಿದ್ದೂ ತೀರಾ ಕೆಳಗಿದ್ದರೆ ಗಾಳಿ ಸೋರಿಕೆ ಅಥವಾ ಹಿಂದೆಬಿದ್ದ ಟೈಮಿಂಗ್ (ಕಿಡಿ ಅಥವಾ ವಾಲ್ವ್ ತಡವಾಗುವುದು). ಒಂದೇ ಲಯದಲ್ಲಿ ಜಿಗಿದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ಯಾವ ಸಿಲಿಂಡರ್ ಸುಮ್ಮನಿದೆ ಎಂದು ತಿಳಿಯಲು ಇಂಜೆಕ್ಟರ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಕಳಚಿ. ಕಳಚಿದರೂ ಆರ್‌ಪಿಎಂ ಬೀಳದಿದ್ದರೆ ತಪ್ಪು ಅಲ್ಲೇ ಇದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ಪ್ಲಗ್ ವೈರ್ ಕೀಳಬೇಡಿ: ಕಾಯಿಲ್ ಕೆಡಬಹುದು, ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೂ ಸುಡುತ್ತದೆ. ಗದಗ ಕಡೆಯ ಧೂಳಿನಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರನ್ನೂ ತೆಗೆದು ನೋಡಿ, ವಿಶೇಷವಾಗಿ ಹೊಗೆ ಕಪ್ಪಗಿದ್ದರೆ. ಹಳೆಯ ಪೆಟ್ರೋಲ್ ಪೈಪುಗಳನ್ನು ಬೆರಳಲ್ಲಿ ಒತ್ತಿ ನೋಡಿ. ಶೇಕಡಾ 20 ಎಥನಾಲ್ ಬೆರೆತ ಇಂಧನಕ್ಕೆ ಆ ಕಾಲದ ರಬ್ಬರ್ ಮಾಡಿದ್ದಲ್ಲ. ಜಿಗುಟಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅವತ್ತೇ ಬದಲಿಸಿ.