ಒಮ್ಮೆ ಬರುತ್ತೆ, ಒಮ್ಮೆ ಹೋಗುತ್ತೆ: ಹಳೆ ಕಾರಿನ ಕರೆಂಟ್ ಕಾಟ ಹಿಡಿಯುವುದು ಹೇಗೆ?

ನಮ್ಮ ಮನೆಯ 1997ರ ಮಾರುತಿ 800 ಎರಡು ಮಳೆಗಾಲ ನಮ್ಮನ್ನು ಆಟ ಆಡಿಸಿತು. ಕೀ ತಿರುಗಿಸಿದರೆ ಒಮ್ಮೆ ಸೆಲ್ಫ್ ಹೊಡೆಯುತ್ತಿತ್ತು. ಇನ್ನೊಮ್ಮೆ ‘ಟಕ್’ ಅಂದು ಸುಮ್ಮನಾಗುತ್ತಿತ್ತು. ಐದು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಮೊದಲು ಹೊಸ ಬ್ಯಾಟರಿ ಹಾಕಿಸಿದೆವು. ಆಮೇಲೆ ಸೆಲ್ಫ್ ಮೋಟರ್ ಬಿಚ್ಚಿಸಿ ಬುಷ್, ಕಾರ್ಬನ್ ಬದಲಿಸಿದೆವು. ಮೂರನೇ ಖರ್ಚು ಇಗ್ನಿಷನ್ ಸ್ವಿಚ್ಚಿಗೆ. ಕಾಟ ಹಾಗೇ ಇತ್ತು. ಕೊನೆಗೆ ಸಾಗರದಲ್ಲಿ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬಾನೆಟ್ ಎತ್ತಿದರು. ನನ್ನಿಂದ ನಾಲ್ಕು ಸಲ ಸೆಲ್ಫ್ ಹೊಡೆಸಿ, ‘ಕ್ಲಚ್ ಕೇಬಲ್ ಮುಟ್ಟಿ ನೋಡು ತಮ್ಮಾ’ ಅಂದರು. ಮುಟ್ಟಿದೆ. ಬಿಸಿ!

ಕ್ಲಚ್ ಕೇಬಲ್ಲಿನಲ್ಲಿ ಕರೆಂಟಿಗೇನು ಕೆಲಸ? ಏನೂ ಇಲ್ಲ. ಆದರೆ ಬ್ಯಾಟರಿಯ ಮೈನಸ್ ಕೇಬಲ್ ಗೇರ್‌ಬಾಕ್ಸಿಗೆ ಸೇರುವ ಬೋಲ್ಟಿನ ಕೆಳಗೆ ತುಕ್ಕು ಕೂತಿತ್ತು. ಸೆಲ್ಫ್ ಹೊಡೆಯಲು ಬೇಕಾದ ಭಾರಿ ಕರೆಂಟಿಗೆ ವಾಪಸ್ ಬರುವ ದಾರಿ ಮುಚ್ಚಿತ್ತು. ಅದು ಕ್ಲಚ್ ಕೇಬಲ್ ಹಿಡಿದು ಕಾರಿನ ಲೋಹದ ಬಾಡಿಗೆ ಬಂದು ಬ್ಯಾಟರಿ ಸೇರುತ್ತಿತ್ತು. ಬೋಲ್ಟ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದರು, ಅಷ್ಟೇ ಕೆಲಸ. ಮೂರು ಪಾರ್ಟ್‌ಗಳ ದುಡ್ಡು ಸುಮ್ನೆ ಹೋಯಿತು.

ಮಾರುತಿ 800ರ ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಅಂದರೆ ರಸ್ತೆಯಲ್ಲಿರುವ ಅತಿ ಹೊಸ 800 ಕೂಡ ಈಗ ಹಳೆ ಕಾರೇ. ಅದರ ವೈರಿಂಗ್ ಸರಳ. ಮನೆಯಲ್ಲೇ ಬಹಳಷ್ಟು ಪರೀಕ್ಷೆ ಮಾಡಬಹುದು. ಬೇರೆ ಹಳೆ ಕಾರಿಗೂ ಇದೇ ದಾರಿ. ಏರ್‌ಬ್ಯಾಗ್ ಇರುವ ಕಾರಾದರೆ ಹಳದಿ ಬಣ್ಣದ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ), ಹಳದಿ ವೈರುಗಳ ತಂಟೆಗೆ ಮಾತ್ರ ಹೋಗಬೇಡಿ.

ಮೊದಲು ಪುಸ್ತಕ, ಆಮೇಲೆ ಸ್ಪ್ಯಾನರ್

ಬಂದು ಹೋಗುವ ತೊಂದರೆಗೂ ಒಂದು ನೆಪ ಇದ್ದೇ ಇರುತ್ತದೆ. ಬಿಸಿ, ನೀರು, ಅಲುಗಾಟ, ಈ ಮೂರರಲ್ಲಿ ಒಂದು. ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ಪುಸ್ತಕ ಇಡಿ. ತೊಂದರೆ ಬಂದಾಗಲೆಲ್ಲ ಬರೆಯಿರಿ: ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಮಳೆ ಇತ್ತಾ, ಹಂಪ್ ದಾಟಿದ ಮೇಲಾ, ಆಗ ಏನೇನು ಆನ್ ಇತ್ತು. ನಾಲ್ಕೈದು ಸಲ ಬರೆದ ಮೇಲೆ ಓದಿ ನೋಡಿ.

ಅರ್ಧ ಗಂಟೆ ಓಡಿಸಿದ ಮೇಲೆ ಬಂದ್ ಬಿದ್ದು, ಆರಿದ ಮೇಲೆ ಸ್ಟಾರ್ಟ್ ಆದರೆ ಪ್ಲಗ್ಗಿನ ಕಿಡಿಗೆ ವೋಲ್ಟೇಜ್ ಏರಿಸಿ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಬಹುದು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಇರುವ ಕಾರಾದರೆ ಅದರ ಮೇಲೂ. ಸ್ಟೀರಿಂಗ್ ತಿರುಗಿಸಿದಾಗ ಹಾರ್ನ್ ಸತ್ತರೆ ಕಾಲಮ್ಮಿನ ಒಳಗಿನ ಕಾಂಟ್ಯಾಕ್ಟ್ ನೋಡಬೇಕು. ಬಾಗಿಲು ತೆಗೆದು ಹಾಕಿದಾಗ ಸ್ಪೀಕರ್ ಅಥವಾ ಪವರ್ ವಿಂಡೋ ಕೈಕೊಟ್ಟರೆ ಬಾಗಿಲ ಕೀಲಿನ ಹತ್ತಿರದ ರಬ್ಬರ್ ಕೊಳವೆಯೊಳಗೆ ವೈರ್ ಮುರಿದಿರುತ್ತದೆ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಕಾಣುತ್ತದೆ, ಒಳಗೆ ತಾಮ್ರ ತುಂಡಾಗಿರುತ್ತದೆ.

ಇನ್ನೊಂದು ಪ್ರಶ್ನೆ: ಒಂದೇ ವಸ್ತು ಕೆಡುತ್ತಿದೆಯೋ, ನಾಲ್ಕು ಒಟ್ಟಿಗೆ ಕೆಡುತ್ತಿವೆಯೋ? ವೈಪರ್, ಹಾರ್ನ್, ಇಂಡಿಕೇಟರ್ ಮೂರೂ ಒಟ್ಟಿಗೆ ಸತ್ತರೆ ಮೂರನ್ನೂ ಬಿಚ್ಚುವುದು ದಡ್ಡತನ. ಅವುಗಳಿಗೆ ಸೇರಿ ಇರುವ ಫ್ಯೂಸ್, ಇಗ್ನಿಷನ್ ಸ್ವಿಚ್ ಅಥವಾ ಅರ್ಥಿಂಗ್ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಬರುವ ದಾರಿ) ನೋಡಿ.

ಬ್ಯಾಟರಿಯ ಲೆಕ್ಕ

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು, ಸಾಧಾರಣದ್ದೇ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇರಬೇಕು. ಕಡಿಮೆ ಇದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಅದನ್ನು ತಿರುಗಿಸುವ ಬೆಲ್ಟ್ ಕಡೆ ಹೋಗಿ.

ಟರ್ಮಿನಲ್ ಮೇಲೆ ಬಿಳಿ ಪುಡಿ, ಹಸಿರು ಕಿಲುಬು ಕಂಡರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಟೂತ್‌ಬ್ರಷ್ಷಿನಲ್ಲಿ ತೊಳೆಯಿರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ.

ಎಂಜಿನ್ ಓಡುತ್ತಿರುವಾಗ ಟರ್ಮಿನಲ್ ಕಿತ್ತು ‘ಬಂದ್ ಆಗಲಿಲ್ಲ, ಆಲ್ಟರ್ನೇಟರ್ ಸರಿಯಿದೆ’ ಅನ್ನುವವರು ಇನ್ನೂ ಇದ್ದಾರೆ. ಡೈನಮೋ ಕಾಲದ ಅಭ್ಯಾಸ ಅದು. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಏರಿ ಅದರ ಡಯೋಡ್, ರೆಗ್ಯುಲೇಟರ್, ಜೊತೆಗೆ ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಎಂ) ಇದ್ದರೆ ಅದೂ ಕೂಡ ಸುಟ್ಟುಹೋಗಬಹುದು. ಯಾರಾದರೂ ಕೈ ಹಾಕಿದರೆ ತಡೆಯಿರಿ.

ಅರ್ಥಿಂಗ್: ಇಲ್ಲೇ ಜಾಸ್ತಿ ಹೊತ್ತು ಕೊಡಿ

ಕಾರಿನಲ್ಲಿ ಪ್ಲಸ್ಸಿಗೆ ವೈರ್ ಇದೆ, ವಾಪಸ್ ಬರಲು ಬಾಡಿಯೇ ದಾರಿ. ಆ ಬಾಡಿ ಇಪ್ಪತ್ತು ವರ್ಷ ಮಳೆ ಕಂಡಿದೆ. ನನ್ನ ಅನುಭವದಲ್ಲಿ ‘ದೆವ್ವ ಹೊಕ್ಕಂತೆ’ ಆಡುವ ಕಾರುಗಳಲ್ಲಿ ಹೆಚ್ಚಿನವು ಅರ್ಥಿಂಗ್ ಕೇಸು. ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಮಂಕಾಗಿ ಹತ್ತುವುದು, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಜೊತೆಗೆ ಮಿಟುಕುವುದು, ಇವೆಲ್ಲ ಆ ಲ್ಯಾಂಪಿನ ಅರ್ಥ್ ಹೋಗಿದೆ ಅನ್ನುವುದರ ಗುರುತು. ಒಂದು ಉದ್ದ ವೈರ್ ತೆಗೆದುಕೊಂಡು ಲ್ಯಾಂಪಿನ ಅರ್ಥ್ ಕಡ್ಡಿಯಿಂದ ಬ್ಯಾಟರಿ ಮೈನಸ್ಸಿಗೆ ನೇರ ಹಿಡಿಯಿರಿ. ಮಿಟುಕುವುದು ಸರಿಹೋದರೆ ಕೇಸು ಮುಗಿಯಿತು.

ವೈರ್ ತುಂಡಾಗಿದೆಯಾ ಅಂತ ನೋಡುವಾಗ ಮೀಟರಿನಲ್ಲಿ ‘ಬೀಪ್’ ಬಂತು, ವೈರ್ ಸರಿಯಿದೆ ಅಂತ ನಂಬಬೇಡಿ. ಇಪ್ಪತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, 12 ವೋಲ್ಟೂ ತೋರಿಸುತ್ತದೆ. ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಏನೇನೂ ಅಲ್ಲ. 55 ವ್ಯಾಟಿನ ಹೆಡ್‌ಲೈಟ್ ಬಲ್ಬಿಗೆ ಸುಮಾರು 4.5 ಆಂಪಿಯರ್ ಬೇಕು. ದಾರಿಯಲ್ಲಿ ಅರ್ಧ ಓಮ್ ತಡೆ ಇದ್ದರೂ ಹತ್ತಿರ ಹತ್ತಿರ 2 ವೋಲ್ಟ್ ಅಲ್ಲೇ ತಿಂದುಹೋಗುತ್ತದೆ. ಆದ್ದರಿಂದ ಲೋಡ್ ಇರುವಾಗಲೇ, ಅಂದರೆ ಲೈಟೋ ಸೆಲ್ಫೋ ಕರೆಂಟ್ ಎಳೆಯುತ್ತಿರುವಾಗಲೇ ಅಳೆಯಬೇಕು.

ಹೀಗೆ ಮಾಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಕಾರ್ಬುರೇಟರ್ ಕಾರಾದರೆ ಇಗ್ನಿಷನ್ ಕಾಯಿಲ್‌ನ ಪ್ಲಸ್ ವೈರ್ ಕಳಚಿ, ಎಂಜಿನ್ ಸ್ಟಾರ್ಟ್ ಆಗದಿರಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಸೀಸದ ಮೊಳೆಗೇ ಒತ್ತಿ, ಕ್ಲ್ಯಾಂಪಿಗಲ್ಲ. ಕೆಂಪು ಕಡ್ಡಿ ಎಂಜಿನ್ನಿನ ಹೊಳೆಯುವ ಲೋಹಕ್ಕೆ. ಮನೆಯವರೊಬ್ಬರು ನಾಲ್ಕೈದು ಸೆಕೆಂಡು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನ ಆಸುಪಾಸು ಬಂದರೆ ಚೆನ್ನಾಗಿದೆ. 0.5 ದಾಟಿದರೆ ಎಲ್ಲೋ ತಡೆಯಿದೆ. ಕೆಂಪು ಕಡ್ಡಿಯನ್ನು ಕ್ಲ್ಯಾಂಪ್, ಕೇಬಲ್ಲಿನ ತುದಿ, ಬೋಲ್ಟ್, ಗೇರ್‌ಬಾಕ್ಸ್ ಅಂತ ಒಂದೊಂದೇ ಹೆಜ್ಜೆ ಸರಿಸಿ ಮತ್ತೆ ಅಳೆಯಿರಿ. ಯಾವ ಜಾಗದಲ್ಲಿ ಅಂಕಿ ದಿಢೀರ್ ಏರುತ್ತದೋ ಅದಕ್ಕೂ ಹಿಂದಿನ ಜಾಗಕ್ಕೂ ನಡುವೆ ಕಳ್ಳ ಇದ್ದಾನೆ. ನಮ್ಮ ಕಾರಿನಲ್ಲಿ ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಹತ್ತು ನಿಮಿಷದ ಕೆಲಸ ಆಗಿತ್ತು. ಪ್ಲಸ್ ಕೇಬಲ್ಲಿಗೂ ಹೀಗೇ ಅಳೆಯಬಹುದು.

ಅಲ್ಲಾಡಿಸಿ ನೋಡುವುದು

ಕೆಟ್ಟ ಲೈಟನ್ನೋ ಫ್ಯಾನನ್ನೋ ಆನ್ ಮಾಡಿಟ್ಟು, ಫ್ಯೂಸ್ ಪೆಟ್ಟಿಗೆಯಿಂದ ಶುರುಮಾಡಿ ವೈರನ್ನು ಗೇಣು ಗೇಣು ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ಹೋಗಿ. ಜಗ್ಗಬೇಡಿ, ಜಗ್ಗಿದರೆ ಸರಿ ಇದ್ದದ್ದೂ ಕಿತ್ತುಬರುತ್ತದೆ. ಕಪ್ಲರ್ ಬಿಚ್ಚಿ ಪಿನ್ ನೋಡಿ: ಕಿಲುಬು, ಸುಟ್ಟ ಕಂದು ಬಣ್ಣ, ಹಿಂದೆ ಸರಿದ ಪಿನ್. ಫ್ಯೂಸನ್ನು ಕಣ್ಣಲ್ಲಿ ನೋಡಿ ಬಿಡಬೇಡಿ, ಹೊಸದು ಹಾಕಿ ನೋಡಿ. ಕೂದಲೆಳೆಯಷ್ಟು ಬಿರುಕು ಕಾಣುವುದಿಲ್ಲ.

ಹಳೆ ಕಾರಿನಲ್ಲಿ ಕಂಪನಿಯ ವೈರಿಂಗಿಗಿಂತ ಆಮೇಲೆ ಸೇರಿಸಿದ್ದರ ಮೇಲೇ ನನಗೆ ಗುಮಾನಿ ಜಾಸ್ತಿ. ಸ್ಟೀರಿಯೋ, ಸೆಂಟ್ರಲ್ ಲಾಕ್, ಫಾಗ್ ಲ್ಯಾಂಪ್, ಹಾಡು ಹೇಳುವ ರಿವರ್ಸ್ ಹಾರ್ನ್. ಎಲ್ಲವನ್ನೂ ಯಾರೋ ವೈರ್ ಸುಲಿದು, ತಿರುಚಿ, ಟೇಪ್ ಸುತ್ತಿ ಸೇರಿಸಿರುತ್ತಾರೆ. ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ತೋಟದ ಮನೆಯವರಾದರೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಿ.

ಫ್ಯೂಸ್ ಒಮ್ಮೊಮ್ಮೆ ಮಾತ್ರ ಹಾರುತ್ತಿದೆಯಾ? ಅದಕ್ಕೊಂದು ಒಳ್ಳೆ ಉಪಾಯವಿದೆ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿ. ಆ ಫ್ಯೂಸಿನ ಮೇಲಿರುವುದನ್ನೆಲ್ಲ ಆಫ್ ಮಾಡಿ. ಈಗ ವೈರ್ ಅಲ್ಲಾಡಿಸುತ್ತಾ ಹೋಗಿ. ವೈರ್ ಬಾಡಿಗೆ ತಾಗಿದ ಕ್ಷಣ ಬಲ್ಬ್ ಝಗ್ ಅಂತ ಹತ್ತುತ್ತದೆ, ಆದರೆ ಏನೂ ಸುಡುವುದಿಲ್ಲ. ಒಂದು ಪೊಟ್ಟಣ ಫ್ಯೂಸ್ ಉಳಿಯಿತು. ಫ್ಯೂಸಿನ ಬದಲು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದಾಗಲಿ, 15 ಆಂಪಿಯರಿನ ನೀಲಿ ಇದ್ದಲ್ಲಿ 30ರ ಹಸಿರು ಹಾಕುವುದಾಗಲಿ ಖಂಡಿತ ಬೇಡ. ಆಗ ಫ್ಯೂಸ್ ಬದಲು ವೈರ್ ಉರಿಯುತ್ತದೆ.

ಕಾಯಿಸಿ, ನೆನೆಸಿ

ಬಿಸಿಯಾದಾಗ ಕೆಡುವ ರಿಲೇಗೆ ಹೇರ್ ಡ್ರೈಯರ್ ಹಿಡಿದರೆ ಮನೆಯಂಗಳದಲ್ಲೇ ತೊಂದರೆ ಬರಿಸಬಹುದು. ಕಾರ್ಬುರೇಟರ್, ಪೆಟ್ರೋಲ್ ಪೈಪಿನ ಹತ್ತಿರ ಮಾತ್ರ ಅದನ್ನು ಒಯ್ಯಬೇಡಿ. ಮಳೆಯಲ್ಲಿ ಎಂಜಿನ್ ಮುಗ್ಗರಿಸುತ್ತಿದ್ದರೆ ಕತ್ತಲಾದ ಮೇಲೆ ಎಂಜಿನ್ ಓಡಿಸಿ, ಪ್ಲಗ್ ವೈರ್ ಮತ್ತು ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲೆ ಸ್ಪ್ರೇ ಬಾಟಲಿಯಿಂದ ತುಸು ನೀರು ಸಿಂಪಡಿಸಿ. ಸೋರುವ ಕಡೆ ನೀಲಿ ಕಿಡಿ ಕುಣಿಯುತ್ತದೆ. ಚಂದ ಕಾಣುತ್ತದೆ ಅಂತ ಮುಟ್ಟಬೇಡಿ, ಸಾವಿರಾರು ವೋಲ್ಟ್ ಅದು.

ಸಿಕ್ಕ ಮೇಲೆ ರಿಪೇರಿ ಗಟ್ಟಿಯಾಗಿರಲಿ. ಮುರಿದ ವೈರಿಗೆ ಬೆಸುಗೆ ಹಾಕಿ, ಮೇಲೆ ಬಿಸಿ ಕೊಟ್ಟರೆ ಬಿಗಿದುಕೊಳ್ಳುವ ಹೀಟ್‌ಶ್ರಿಂಕ್ ಕೊಳವೆ ಹಾಕಿ. ಅರ್ಥ್ ಬೋಲ್ಟಿನ ಕೆಳಗೆ ಪೇಂಟ್ ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ. ಒಂದೇ ಸಲಕ್ಕೆ ಎರಡು ಜಾಗ ಸರಿಮಾಡಬೇಡಿ. ಯಾವುದರಿಂದ ಗುಣವಾಯಿತು ಅಂತ ಗೊತ್ತಾಗಬೇಕಲ್ವಾ? ಪುಸ್ತಕದಲ್ಲಿ ಬರೆದಿದ್ದ ಅದೇ ಹಂಪ್, ಅದೇ ಮಳೆ, ಅದೇ ಬಿಸಿಯಲ್ಲಿ ಎರಡು ವಾರ ಓಡಿಸಿ ನೋಡಿ.

ನಮ್ಮ 800ರ ಸೆಲ್ಫ್ ಆಮೇಲೆ ತಕರಾರು ಮಾಡಿಲ್ಲ. ಈಗ ಎಡಗಡೆ ಇಂಡಿಕೇಟರ್ ಒಮ್ಮೊಮ್ಮೆ ಬೇಗ ಬೇಗ ಮಿಟುಕುತ್ತಿದೆ. ಪುಸ್ತಕದಲ್ಲಿ ಮೂರು ಸಲ ಬರೆದಿದ್ದೇನೆ. ಮೂರೂ ಸಲ ಹಿಂದಿನ ಡಿಕ್ಕಿ ಬಾಗಿಲು ಜೋರಾಗಿ ಹಾಕಿದ ಮೇಲೆ.