ದೋಣಿಯ ತಳ ಉಜ್ಜುವ ಕಸುಬು: ಹೊಸ ಡೈವರ್‌ಗೆ ಬೇಕಾದ ಲೆಕ್ಕಾಚಾರ

ಅಮೆರಿಕದ ಸ್ಯಾನ್ ಡಿಯಾಗೋ ಕೊಲ್ಲಿಯ ಮರೀನಾಗಳಲ್ಲಿ (ಖಾಸಗಿ ದೋಣಿಗಳ ನಿಲ್ದಾಣಗಳಲ್ಲಿ) ವರ್ಷಪೂರ್ತಿ ನೀರಲ್ಲೇ ನಿಲ್ಲುವ ದೋಣಿಗಳಿಗೆ ಚಳಿಗಾಲದಲ್ಲಿ ನಾಲ್ಕು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ವಾರಕ್ಕೊಮ್ಮೆ ತಳ ಉಜ್ಜಬೇಕು. ನನ್ನ ಸಂಪಾದನೆ ನಿಂತಿರುವುದು ಈ ಸರದಿಯ ಮೇಲೆಯೇ. ಮಲ್ಪೆ ಕಡೆ ಜೂನ್–ಜುಲೈ ಮೀನುಗಾರಿಕೆ ನಿಷೇಧದ ಹೊತ್ತಿಗೆ ದೋಣಿಗಳನ್ನು ದಡಕ್ಕೆಳೆದು, ಕೆರೆದು, ಬಣ್ಣ ಬಳಿಯುತ್ತಾರೆ. ಹಾಗಾಗಿ ಅಲ್ಲಿ ಈ ಕೆಲಸಕ್ಕೆ ಗಿರಾಕಿ ಕಡಿಮೆ. ಇಲ್ಲಿ ನೆಲೆಸಿರುವ ನಮ್ಮವರಿಗೆ ಒಂದು ಮಾತು: ಎಚ್-1ಬಿ ವೀಸಾದಲ್ಲಿದ್ದು ಇದನ್ನು ಪಕ್ಕದ ಸಂಪಾದನೆ ಎಂದು ಶುರು ಮಾಡುವಂತಿಲ್ಲ.

ನೇತ್ರಾಣಿಯಲ್ಲಿ ಪಡೆದ ಓಪನ್ ವಾಟರ್ ಸರ್ಟಿಫಿಕೇಟು (ಸ್ಕೂಬಾ ಡೈವಿಂಗಿನ ಮೊದಲ ಹಂತದ್ದು) ಉಸಿರಾಡುವುದನ್ನು ಕಲಿಸಿರುತ್ತದೆ, ಕೆಲಸವನ್ನಲ್ಲ. ಇಲ್ಲಿ ಆಳ ಹೆಚ್ಚೆಂದರೆ ಎರಡು ಮೀಟರ್. ಅಷ್ಟೇ ತಾನೇ ಎನ್ನುವಂತಿಲ್ಲ. ಸಂಕುಚಿತ ಗಾಳಿ ಎಳೆದುಕೊಂಡು ಉಸಿರು ಬಿಗಿಹಿಡಿದು ಮೇಲೆದ್ದರೆ ಒಂದೂಕಾಲು ಮೀಟರಿನಿಂದಲೂ ಶ್ವಾಸಕೋಶ ಹರಿಯಬಹುದು.

ನಾನು 80 ಘನ ಅಡಿಯ ಅಲ್ಯೂಮಿನಿಯಂ ಸಿಲಿಂಡರನ್ನು ಡಾಕ್ ಮೇಲೆಯೇ ಕಟ್ಟಿ, 50 ಅಡಿ ಹೋಸ್ ಮೂಲಕ ಉಸಿರಾಡುತ್ತೇನೆ. ಬೆನ್ನು ಖಾಲಿ ಇರುವುದರಿಂದ ಕೀಲ್ (ತಳದಿಂದ ಕೆಳಕ್ಕೆ ಇಳಿದ ಹಲಗೆಯಂಥ ಭಾಗ) ಪಕ್ಕ ನುಸುಳುವುದು ಸುಲಭ. ಒಂದು ಸಿಲಿಂಡರ್ ಸುಮಾರು ಒಂದು ಗಂಟೆ ಬರುತ್ತದೆ. ತೊಂದರೆ ಏನೆಂದರೆ, ಪ್ರೆಷರ್ ಗೇಜ್ ಮೇಲೆಯೇ ಉಳಿಯುತ್ತದೆ, ಗಾಳಿ ಮುಗಿಯುವುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಗಡಿಯಾರ ನೋಡಿ 40 ನಿಮಿಷಕ್ಕೆ ಒಮ್ಮೆ ಎದ್ದು ಗೇಜ್ ನೋಡಬೇಕು, ಸೊಂಟಕ್ಕೆ ಬೇರೆ ರೆಗ್ಯುಲೇಟರ್ ಇರುವ ಪುಟ್ಟ ಸಿಲಿಂಡರ್ ಇರಲೇಬೇಕು. ಮೇಲಿನಿಂದ ಹೋಸ್ ಮೂಲಕ ಗಾಳಿ ಒತ್ತಿ ಕಳಿಸುವ, ಪೆಟ್ರೋಲ್ ಎಂಜಿನ್ನಿನ ಹೂಕಾ ಕಂಪ್ರೆಸರ್ ಕೊಂಡರೆ ದಿನವಿಡೀ ಗಾಳಿಗೆ ಬರವಿಲ್ಲ, ಆದರೆ ಗಾಳಿ ಎಳೆಯುವ ಕೊಳವೆ ಎಂಜಿನ್ ಹೊಗೆ ತಲುಪದಂತೆ ಗಾಳಿ ಬೀಸಿಬರುವ ಬದಿಗೆ, ಎತ್ತರದಲ್ಲಿರಬೇಕು. ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿದರೆ ಕಾರ್ಬನ್ ಮಾನಾಕ್ಸೈಡ್ ನೇರ ನಿಮ್ಮ ಬಾಯಿಗೆ. ಹೊಸಬರಿಗೆ ಅದು ಬೇಡ ಎನ್ನುತ್ತೇನೆ.

ನೀರಿಗಿಳಿಯುವ ಮೊದಲು ದೋಣಿಯವರಿಂದಲೇ ಎಂಜಿನ್ ಕೀ ತೆಗೆಸಿ, ಸ್ಟಿಯರಿಂಗ್‌ಗೆ 'ಕೆಳಗೆ ಡೈವರ್ ಇದ್ದಾರೆ' ಎಂಬ ಫಲಕ ತೂಗುಹಾಕಿ. ದಡದ ಕರೆಂಟಿನ ಕೇಬಲ್ ಬಿಚ್ಚಿಸಿ. ಬೋ ಥ್ರಸ್ಟರ್ (ಮೂತಿಯನ್ನು ಪಕ್ಕಕ್ಕೆ ತಳ್ಳುವ ಪುಟ್ಟ ಪ್ರೊಪೆಲರ್) ಮತ್ತು ಏಸಿಯ ನೀರಿನ ಪಂಪ್ ಆಫ್ ಆಗಿರಬೇಕು. ಆ ಪಂಪಿನ ರಂಧ್ರಕ್ಕೆ ಕೈ ಅಂಟಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ.

ವೆಟ್‌ಸೂಟ್ ಮೇಲ್ಮೈ ಬಳಿ ಹೆಚ್ಚು ತೇಲಿಸುತ್ತದೆ, ಹಾಗಾಗಿ ಆಳದ ಡೈವ್‌ಗಿಂತ ಎರಡು ಮೂರು ಕೆಜಿ ಹೆಚ್ಚು ಸೀಸ ಬೇಕು. ಬೆನ್ನಿಗೆ ಬಿಸಿಡಿ (ಗಾಳಿ ತುಂಬಿ ತೇಲುವ ಜಾಕೆಟ್) ಇಲ್ಲವಾದ್ದರಿಂದ ಬೆಲ್ಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ. ಒಂದು ಕೈಯಲ್ಲಿ ಸಕ್ಷನ್ ಕಪ್ ಹಿಡಿಕೆ, ಇನ್ನೊಂದರಲ್ಲಿ ಪ್ಯಾಡ್. ಹರಿವು ಹೋಗುವ ದಿಕ್ಕಿನ ತುದಿಯಿಂದ ಶುರುಮಾಡಿ ಹರಿವಿಗೆ ಎದುರಾಗಿ ಸಾಗಿದರೆ, ಎಬ್ಬಿಸಿದ ಕೊಳೆ ಹಿಂದಕ್ಕೆ ಹೋಗಿ ಮುಂದಿನ ಜಾಗ ಕಾಣುತ್ತದೆ.

ಇನ್ನು ಉಜ್ಜುವುದು. ಇದರಲ್ಲಿ ಬಲ ಪ್ರದರ್ಶನಕ್ಕೆ ಜಾಗವೇ ಇಲ್ಲ. ತಳಕ್ಕೆ ಜೀವಿಗಳು ಅಂಟದಂತೆ ಬಳಿಯುವ ತಾಮ್ರದ ಮೃದು ಬಣ್ಣವಾದರೆ ಹಳೆಯ ಕಾರ್ಪೆಟ್ ತುಂಡು ಸಾಕು. ಲೋಳೆ ಅದಕ್ಕೇ ಹೋಗುತ್ತದೆ. ಗಟ್ಟಿ ಬಣ್ಣಕ್ಕೆ ಬಿಳಿ ಸ್ಕಾಚ್-ಬ್ರೈಟ್ ಪ್ಯಾಡ್. ನೀರಲ್ಲಿ ಬಣ್ಣದ ಮೋಡ ಎದ್ದರೆ ಕೈ ಭಾರವಾಯಿತು ಅಂತ ಅರ್ಥ: ಗಿರಾಕಿಯ ದುಡ್ಡೂ ಕರಗುತ್ತಿದೆ, ಕೊಲ್ಲಿಗೆ ತಾಮ್ರವೂ ಸೇರುತ್ತಿದೆ. ಇದೇ ಕೊಲ್ಲಿಯ ಶೆಲ್ಟರ್ ಐಲ್ಯಾಂಡ್ ಯಾಟ್ ಬೇಸಿನ್ನಿನಲ್ಲಿ ನೀರಿಗೆ ಸೇರುವ ತಾಮ್ರವನ್ನು ಶೇ. 76ರಷ್ಟು ಇಳಿಸಬೇಕೆಂದು 2005ರಲ್ಲೇ ನಿಗದಿಯಾಗಿದೆ. ನೀರೊಳಗೆ ತಳ ಉಜ್ಜಲು ಬಂದರಿನ ಪರವಾನಗಿ ಬೇಕಾಗುವುದೂ ಇದೇ ಹಿನ್ನೆಲೆಯಲ್ಲಿ. ಹೊಸ ಬಣ್ಣ ಬಳಿದ ಮೊದಲ ಮೂರು ತಿಂಗಳು ಪ್ಯಾಡ್ ತಾಗಿಸದಿರುವುದೇ ಲೇಸು.

ಸರದಿ ತಪ್ಪಿದರೆ ಲೋಳೆಯ ಮೇಲೆ ಹುಲ್ಲಿನಂಥ ಪಾಚಿ, ಆಮೇಲೆ ಬಾರ್ನಕಲ್ (ಗಟ್ಟಿಯಾಗಿ ಅಂಟಿ ಬೆಳೆಯುವ ಚಿಪ್ಪುಜೀವಿ). ಬಾರ್ನಕಲ್ಲನ್ನು ಕೆರೆದರೂ ಬಿಳಿ ಉಂಗುರದಂಥ ಬುಡ ಉಳಿಯುತ್ತದೆ, ಅದನ್ನು ಕೀಳಹೋದರೆ ಬಣ್ಣವೂ ಎದ್ದುಬರುತ್ತದೆ. ಅಂಥ ದೋಣಿಗೆ ಮೊದಲ ಸಲ ಎರಡರಷ್ಟು ದರ ಹೇಳುತ್ತೇನೆ. ಒಪ್ಪದಿದ್ದರೆ ಕೈಮುಗಿದು ಬರುತ್ತೇನೆ, ಏಕೆಂದರೆ 35 ಅಡಿಯ ಹಾಯಿದೋಣಿ ಸರದಿಯಲ್ಲಿದ್ದರೆ ಒಂದು ಗಂಟೆಯ ಕೆಲಸ, ಬಿಟ್ಟುಹಾಕಿದ್ದರೆ ಅರ್ಧ ದಿನ.

ಲೋಹದ ಸ್ಕ್ರೇಪರ್ ಪ್ರೊಪೆಲರ್ ಮತ್ತು ಶಾಫ್ಟಿಗೆ ಮಾತ್ರ. ವೇಗ ಅಳೆಯುವ ಪುಟ್ಟ ಚಕ್ರಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್. ಆಳ ಅಳೆಯುವ ಸೆನ್ಸರ್‌ಗೆ ಬೆರಳು.

ಜಿಂಕ್ ಎಂದರೆ ಪ್ರೊಪೆಲರ್, ಶಾಫ್ಟಿನ ಬದಲು ಉಪ್ಪುನೀರಿಗೆ ತಾನು ಸವೆಯಲೆಂದು ಕೂಡಿಸುವ ಸತುವಿನ ತುಂಡು. ಅದನ್ನು ಬದಲಿಸುವುದರಲ್ಲಿ ಉಜ್ಜುವುದಕ್ಕಿಂತ ಹೆಚ್ಚು ದುಡ್ಡು ಉಳಿಯುತ್ತದೆ. ಅರ್ಧ ಸವೆದರೆ ಬದಲಿಸಬೇಕು. ಶಾಫ್ಟಿನ ಜಾಗವನ್ನು ಹೊಳೆಯುವ ಹಾಗೆ ತಿಕ್ಕಿ, ಎರಡು ಹೋಳು ಕೂಡಿಸಿ ಆಲನ್ ಕೀಯಿಂದ ಬಿಗಿಮಾಡಿ, ಸುತ್ತಲೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೊಮ್ಮೆ ಬಿಗಿಮಾಡಬೇಕು. ಈ ಎರಡನೇ ಬಿಗಿತ ಬಿಟ್ಟರೆ ಜಿಂಕ್ ಸಡಿಲವಾಗಿ ಲೋಹದ ಸಂಪರ್ಕ ತಪ್ಪುತ್ತದೆ. ಜಿಂಕ್ ಹೊಸದಾಗಿಯೇ ಇರುತ್ತದೆ, ತಿನ್ನಿಸಿಕೊಳ್ಳುವುದು ಪ್ರೊಪೆಲರ್. ಆಲನ್ ಕೀಗೆ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಿ, ಕೆಸರಿಗೆ ಬಿದ್ದದ್ದು ಸಿಗುವುದಿಲ್ಲ. ಹಳೆಯ ಜಿಂಕ್ ಮತ್ತು ಹೊಸದರ ಫೋಟೋ ಅದೇ ದಿನ ಮಾಲೀಕರಿಗೆ ಕಳಿಸಿ. ತಳವನ್ನು ಅವರು ಕಣ್ಣಾರೆ ನೋಡುವುದೇ ಇಲ್ಲವಲ್ಲ.

ಬಹುತೇಕ ಮರೀನಾಗಳು ಹೊಣೆಗಾರಿಕೆ ವಿಮೆಯ ಪತ್ರ ಕೇಳುತ್ತವೆ. ಸರ್ಟಿಫಿಕೇಟಿಗಿಂತ ಮೊದಲು ಅದನ್ನೇ. ಒಬ್ಬರೇ ದುಡಿಯುವವರೆಗೆ ಲೆಕ್ಕ ಸರಳ. ಸಂಬಳಕ್ಕೆ ಇನ್ನೊಬ್ಬ ಡೈವರನ್ನು ಇಟ್ಟುಕೊಂಡ ದಿನದಿಂದ ಕಮರ್ಷಿಯಲ್ ಡೈವಿಂಗಿನ ಕಾರ್ಮಿಕ ಸುರಕ್ಷತಾ ನಿಯಮಗಳು ಬಂದು ಕೂರುತ್ತವೆ. ಆ ಖರ್ಚು ಹಾಕಿ ನೋಡಿಯೇ ದರ ಹೇಳಿ.